ಧರ್ಮಶಾಸ್ತ್ರದಿಂದ ನೀತಿಯೆಡೆಗೆ: ಪಂಡಿತಾ ರಮಾಬಾಯಿಯವರ ಬದುಕು

1

ಕನ್ನಡ ಬೈಬಲನ್ನು ಭಾಷೆಯ ದೃಷ್ಟಿಯಿಂದ ಓದುವವರ ಗಮನವನ್ನು ಕೆಲವು ಪಾರಿಭಾಷಿಕ ಶಬ್ದಗಳು ಸೆಳೆಯುತ್ತವೆ. ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ದೊರೆತ ವಿಧಿಸಂಹಿತೆಯನ್ನು ನಮ್ಮ ಅನುವಾದಕರು ‘ಧರ್ಮಶಾಸ್ತ್ರ’ವೆಂದು ಕರೆದರು. ಅದನ್ನು ವ್ಯಾಖ್ಯಾನಿಸುವ ವಿದ್ವಾಂಸರಿಗೆ ‘ಶಾಸ್ತ್ರಿಗಳು’ ಎಂಬ ಹೆಸರನ್ನು ಕೊಟ್ಟರು. ದೇವರ ಮುಂದೆ ಮನುಷ್ಯನು ನಿರ್ದೋಷಿಯಾಗಿ ನಿಲ್ಲುವ ಸ್ಥಿತಿಯನ್ನು ಹೇಳಲು ‘ನೀತಿ’ ಎಂಬ ಶಬ್ದವನ್ನು ಆರಿಸಿಕೊಂಡರು. ಶಾಸ್ತ್ರಿಗಳ ನೀತಿಗಿಂತ ಹೆಚ್ಚಿನ ನೀತಿಯೊಂದು ಬೇಕೆಂಬುದು ಯೇಸುವಿನ ಪರ್ವತಪ್ರಸಂಗದ ತಿರುಳು. ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗುವುದಿಲ್ಲ, ವಿಶ್ವಾಸದಿಂದ ಮಾತ್ರ ಆಗುತ್ತಾರೆ ಎಂಬುದು ಪೌಲನ ಪತ್ರಗಳ ನಿಲುವು. ಈ ಎರಡು ನೆಲೆಗಳ ನಡುವಿನ ಎಳೆದಾಟ ಕ್ರೈಸ್ತ ಚಿಂತನೆಯ ಇತಿಹಾಸದುದ್ದಕ್ಕೂ ಹರಿದು ಬಂದಿದೆ. ಬಹಿರಂಗದ ಆಚಾರಕ್ಕೂ ಅಂತರಂಗದ ಶುದ್ಧಿಗೂ ಇರುವ ಸಂಬಂಧವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೆದಕಿ ನೋಡಿದ ವಚನಪರಂಪರೆಯ ವಾರಸುದಾರರಾದ ಕನ್ನಡಿಗರಿಗೆ ಈ ಸಮಸ್ಯೆ ಅಪರಿಚಿತವೇನೂ ಅಲ್ಲ.

ಈ ಎಳೆದಾಟವನ್ನು ಗ್ರಂಥದಲ್ಲಿ ಓದಿದವರು ಅನೇಕರು. ಅದನ್ನೇ ತಮ್ಮ ಬದುಕಾಗಿ ಬಾಳಿದವರು ವಿರಳ. ಅಂಥ ವಿರಳರಲ್ಲಿ ಪಂಡಿತಾ ರಮಾಬಾಯಿಯವರು (1858-1922) ಮುಖ್ಯರು. ಅವರು ಶಾಸ್ತ್ರಿಗಳ ಮಗಳಾಗಿ ಹುಟ್ಟಿದರು. ತಾವೇ ಶಾಸ್ತ್ರಪಂಡಿತೆಯಾಗಿ ಹೆಸರು ಪಡೆದರು. ಆ ಶಾಸ್ತ್ರವನ್ನು ಪ್ರಶ್ನಿಸಿ ಕ್ರೈಸ್ತರಾದರು. ಕ್ರೈಸ್ತರಾದ ಮೇಲೆ ಚರ್ಚಿನ ಶಾಸ್ತ್ರವನ್ನೂ ಪ್ರಶ್ನಿಸಿದರು. ಮಹಾರಾಷ್ಟ್ರದ ಸಮಾಜಸುಧಾರಕಿಯೆಂದು ಅವರ ಹೆಸರು ಪ್ರಸಿದ್ಧವಾಗಿದೆ. ಆದರೆ ಅವರು ಹುಟ್ಟಿದ್ದು ಕನ್ನಡನಾಡಿನ ಪಶ್ಚಿಮಘಟ್ಟಗಳಲ್ಲಿ. ಅವರ ನೀತಿಕಲ್ಪನೆಯ ಅತ್ಯಂತ ಕಠಿಣವಾದ ಪರೀಕ್ಷೆ ನಡೆದದ್ದು 1899-1900ರ ಗುಜರಾತಿನ ಮಹಾಕ್ಷಾಮದಲ್ಲಿ. ಗಂಗಾಮೂಲದಿಂದ ಇಂಗ್ಲೆಂಡಿಗೆ, ಅಲ್ಲಿಂದ ಗುಜರಾತಿನ ಬರಪೀಡಿತ ಬಯಲಿಗೆ ಸಾಗಿದ ಈ ಬದುಕನ್ನು ಧರ್ಮಶಾಸ್ತ್ರ ಮತ್ತು ನೀತಿ ಎಂಬ ಎರಡು ಶಬ್ದಗಳ ಬೆಳಕಿನಲ್ಲಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಯೌವನದಲ್ಲಿ ಪುಣೆಗೆ ಹೋಗಿ, ಪೇಶ್ವೆಯ ಆಶ್ರಯದಲ್ಲಿದ್ದ ರಾಮಚಂದ್ರಶಾಸ್ತ್ರಿ ಸಾಠೆಯವರಲ್ಲಿ ವ್ಯಾಸಂಗ ಮಾಡಿದರು. ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಪಾಠ ಹೇಳುತ್ತಿದ್ದುದು ಶಿಷ್ಯನ ಮನಸ್ಸಿನಲ್ಲಿ ಅಚ್ಚೊತ್ತಿತು. ಊರಿಗೆ ಮರಳಿದ ಮೇಲೆ ತಮ್ಮ ಪತ್ನಿಗೂ ಕಲಿಸಬೇಕೆಂದು ಹೊರಟರು. ಮನೆಯ ಹಿರಿಯರ ವಿರೋಧದಿಂದ ಆ ಪ್ರಯತ್ನ ಮುರಿದುಬಿತ್ತು. ಮೊದಲ ಪತ್ನಿ ತೀರಿಕೊಂಡ ಮೇಲೆ, ಯಾತ್ರೆಯಲ್ಲಿದ್ದಾಗ ಗೋದಾವರಿಯ ತೀರದಲ್ಲಿ ಲಕ್ಷ್ಮೀಬಾಯಿಯೆಂಬ ಬಾಲಿಕೆಯನ್ನು ವಿವಾಹವಾಗಿ ಕರೆತಂದರು. ಆಕೆಗೆ ತಾವೇ ಸಂಸ್ಕೃತವನ್ನು ಕಲಿಸಿದರು.

ಹೆಂಗಸಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಅವರು ಉಡುಪಿಯ ಪಂಡಿತಸಭೆಯ ಮುಂದೆ ಉತ್ತರ ಕೊಡಬೇಕಾಯಿತು. ಅವರು ಶಾಸ್ತ್ರವನ್ನು ತಳ್ಳಿಹಾಕಲಿಲ್ಲ. ಸ್ಮೃತಿ ಪುರಾಣಗಳಿಂದ ಆಧಾರಗಳನ್ನು ಕಲೆಹಾಕಿ, ವೇದವೊಂದನ್ನು ಬಿಟ್ಟು ಉಳಿದ ಸಂಸ್ಕೃತ ವಾಙ್ಮಯವನ್ನು ಸ್ತ್ರೀಯರು ಓದುವುದಕ್ಕೆ ಅಡ್ಡಿಯಿಲ್ಲವೆಂದು ಸಾಧಿಸಿದರು. ಅನಂತಶಾಸ್ತ್ರಿಗಳದು ಶಾಸ್ತ್ರದ ಒಳಗೇ ಇದ್ದು, ಶಾಸ್ತ್ರದಿಂದಲೇ ಬಾಗಿಲನ್ನು ತೆರೆಯಿಸುವ ಮಾರ್ಗ. ಮಗಳು ಮುಂದೆ ತುಳಿದ ಹಾದಿ ಬೇರೆ. ಆದರೂ ಗ್ರಂಥದಲ್ಲಿ ಏನಿದೆಯೆಂಬುದನ್ನು ತಾನೇ ಓದಿ ನಿರ್ಣಯಿಸಬೇಕೆಂಬ ಛಲ ಆಕೆಗೆ ಬಂದದ್ದು ತಂದೆಯಿಂದಲೇ.

ವಾದದಲ್ಲಿ ಗೆದ್ದರೂ ನೆರೆಹೊರೆಯ ಅಸಮಾಧಾನ ತೀರಲಿಲ್ಲ. ಅನಂತಶಾಸ್ತ್ರಿಗಳು ಸಂಸಾರದೊಂದಿಗೆ ಘಟ್ಟದ ಮೇಲಿನ ಗಂಗಾಮೂಲದ ಕಾಡಿಗೆ ಹೋಗಿ, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಸ್ಥಳದಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಅನ್ನವಿಕ್ಕಿ ಆಸ್ತಿ ಕರಗಿದಾಗ ಕುಟುಂಬ ದೇಶಾಟನೆಗೆ ಹೊರಟಿತು. ಆಗ ರಮಾಬಾಯಿ ಕೆಲವೇ ತಿಂಗಳ ಕೂಸು. ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರೆಂದು ತಿಳಿದುಬರುತ್ತದೆ. ಮುಂದಿನ ಹದಿನಾರು ವರ್ಷ ಕುಟುಂಬಕ್ಕೆ ನಿಲ್ಲುವ ನೆಲೆಯಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯದ ಮಂಟಪಗಳಲ್ಲಿ ಪುರಾಣವನ್ನು ವಾಚಿಸಿ, ಕೇಳುಗರು ಕೊಟ್ಟ ಕಾಳು ಕಾಸುಗಳಿಂದ ಜೀವನ ಸಾಗಬೇಕಿತ್ತು. ತಾಯಿ ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಹದಿಹರೆಯದ ಹೊತ್ತಿಗೆ ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಯವರಿಗೆ ಕಂಠಸ್ಥವಾಗಿದ್ದವು.

1870ರ ದಶಕದಲ್ಲಿ ದಕ್ಷಿಣದ ಮೇಲೆ ಕ್ಷಾಮ ಎರಗಿತು. ಅನಂತಶಾಸ್ತ್ರಿಗಳು ಉಳಿದಿದ್ದ ಹಣವನ್ನು ವ್ರತ, ದಾನ, ಅನುಷ್ಠಾನಗಳಿಗೆ ವೆಚ್ಚಮಾಡಿದ್ದರು. ವಿಧಿಯನ್ನು ಲೋಪವಿಲ್ಲದೆ ಪಾಲಿಸಿದರೆ ದೇವರು ಕೈಬಿಡಲಾರನೆಂಬುದು ಅವರ ನಂಬಿಕೆಯಾಗಿತ್ತು. 1874ರಲ್ಲಿ ತಂದೆ, ಅನಂತರ ತಾಯಿ, ಮುಂದೆ ಅಕ್ಕ ಕೃಷ್ಣಾಬಾಯಿ ಹೀಗೆ ಒಬ್ಬೊಬ್ಬರಾಗಿ ಇಲ್ಲವಾದರು. ತಾಯಿಯ ಶವಕ್ಕೆ ಹೆಗಲು ಕೊಡಲು ಬೇಕಾದಷ್ಟು ಜನರೂ ಸಿಗದೆ, ರಮಾಬಾಯಿಯವರೇ ಹೆಗಲು ಕೊಡಬೇಕಾಯಿತು. ಹಸಿವೆಯ ಈ ದಿನಗಳನ್ನು ಅವರು ಮುಂದೆ 1897ರಲ್ಲಿ ಬರೆದು ಪ್ರಕಟಿಸಿದರು. ವಿಧಿಪಾಲನೆಗೂ ದೇವರ ಕರುಣೆಗೂ ತಾನು ನಂಬಿದಂಥ ನೇರ ಸಂಬಂಧವಿಲ್ಲವೆಂಬ ಸಂಶಯ ಅವರಲ್ಲಿ ಮೊಳೆತದ್ದು ಈ ಸಾವುಗಳ ನಡುವೆ.

3

ಅಣ್ಣ ಶ್ರೀನಿವಾಸನೊಡನೆ ಉತ್ತರ ಭಾರತವನ್ನೆಲ್ಲ ಸುತ್ತಿ ರಮಾಬಾಯಿಯವರು 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಅವರನ್ನು ಪರೀಕ್ಷಿಸಿ ‘ಪಂಡಿತಾ’ ಮತ್ತು ‘ಸರಸ್ವತೀ’ ಎಂಬ ಬಿರುದುಗಳಿಂದ ಗೌರವಿಸಿದರು. ಸ್ತ್ರೀಯರಿಗೆ ಅವರ ಕರ್ತವ್ಯಗಳನ್ನು ಬೋಧಿಸಬೇಕೆಂದು ಪಂಡಿತರು ಕೇಳಿಕೊಂಡಾಗ, ಅದಕ್ಕಾಗಿ ರಮಾಬಾಯಿಯವರು ಧರ್ಮಶಾಸ್ತ್ರಗ್ರಂಥಗಳನ್ನು ಆಮೂಲಾಗ್ರವಾಗಿ ಓದತೊಡಗಿದರು. ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ಅವರ ಕೈಗೆ ವೇದವನ್ನೂ ಕೊಟ್ಟರು. ತಂದೆ ದಾಟದೆ ಉಳಿಸಿದ್ದ ಗೆರೆಯನ್ನು ಮಗಳು ಹೀಗೆ ದಾಟಿದರು.

ಆ ಓದು ಅವರನ್ನು ಬೇರೆಯ ಕಡೆಗೆ ಕೊಂಡೊಯ್ದಿತು. ಬೇರೆಲ್ಲ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿ ಮಾತನಾಡುವ ಶಾಸ್ತ್ರಗ್ರಂಥಗಳು ಸ್ತ್ರೀಯರ ಹಾಗೂ ಶೂದ್ರರ ವಿಚಾರದಲ್ಲಿ ಮಾತ್ರ ಒಮ್ಮತ ತಾಳುವುದನ್ನು ಅವರು ಕಂಡರು. ಸ್ತ್ರೀ ಸ್ವಭಾವತಃ ಅಶುದ್ಧಳು, ಪತಿಸೇವೆಯ ಹೊರತು ಆಕೆಗೆ ಬೇರೆ ಗತಿಯಿಲ್ಲ ಎಂಬ ತಾತ್ಪರ್ಯ ಅವರ ಮನಸ್ಸನ್ನು ಚುಚ್ಚಿತು. ತಾನು ಬೋಧಿಸಬೇಕಾದ ಧರ್ಮದಲ್ಲಿ ತನಗೇ ಸ್ಥಳವಿಲ್ಲವೆಂಬ ಅರಿವು ಅವರಿಗೆ ಉಂಟಾದದ್ದು ಹೀಗೆ.

1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಅವರು ಬಂಗಾಳದ ವಕೀಲ ವಿಪಿನಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿಯ ಮೂಲಕ ವಿವಾಹವಾದರು. ಜಾತಿ, ಭಾಷೆ, ಪ್ರಾಂತಗಳ ಗಡಿಯನ್ನು ದಾಟಿದ ಆ ಮದುವೆಗೆ ಪುರೋಹಿತರ ಮಂತ್ರದ ಆಧಾರವಿರಲಿಲ್ಲ. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ಮರಣಹೊಂದಿದರು. ಇಪ್ಪತ್ತನಾಲ್ಕು ತುಂಬದ ವಿಧವೆ, ಕೈಯಲ್ಲಿ ಹೆಣ್ಣುಮಗು: ತಾವು ಓದಿದ ಶಾಸ್ತ್ರದ ವಿಧಿ ಈಗ ತಮ್ಮ ಮೇಲೆಯೇ ಅನ್ವಯವಾಗುವ ಸ್ಥಿತಿಯಲ್ಲಿ ಅವರು ಪುಣೆಗೆ ಬಂದರು.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಸ್ತ್ರೀಶಿಕ್ಷಕರೂ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು. ಆ ವರ್ಷವೇ ಅವರ ಮೊದಲ ಮರಾಠಿ ಗ್ರಂಥ ‘ಸ್ತ್ರೀಧರ್ಮನೀತಿ’ ಪ್ರಕಟವಾಯಿತು. ಆ ಹೆಸರಿನಲ್ಲಿ ಧರ್ಮವೂ ನೀತಿಯೂ ಇನ್ನೂ ಒಂದೇ ಸಮಾಸದಲ್ಲಿ ಕೂಡಿಕೊಂಡಿವೆ. ಗೃಹಿಣಿಯ ಕರ್ತವ್ಯ, ಶಿಸ್ತು, ವಿದ್ಯೆಗಳನ್ನು ಬೋಧಿಸುವ ಈ ಕೃತಿಯ ಸ್ವರ ಬಹುಮಟ್ಟಿಗೆ ಸಾಂಪ್ರದಾಯಿಕವಾದುದು. ಎರಡೂ ಶಬ್ದಗಳು ಬೇರ್ಪಡುವುದಕ್ಕೆ ಇನ್ನೊಂದು ಪ್ರಯಾಣ ಬೇಕಾಗಿತ್ತು.

4

ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಅಪೇಕ್ಷೆಯಿಂದ ರಮಾಬಾಯಿಯವರು 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಆಶ್ರಯ ದೊರೆಯಿತು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯವ್ಯಾಸಂಗ ಸಾಧ್ಯವಾಗಲಿಲ್ಲ. ಲಂಡನ್ನಿನ ಫುಲ್ಹಮ್ಮಿನಲ್ಲಿ ಆ ಸನ್ಯಾಸಿನಿಯರು ಪತಿತೆಯರೆನಿಸಿಕೊಂಡವರಿಗಾಗಿ ನಡೆಸುತ್ತಿದ್ದ ಆಶ್ರಯಗೃಹವನ್ನು ಕಂಡದ್ದು ಅವರ ಬದುಕಿನ ತಿರುವಾಯಿತು. ದಾರಿ ತಪ್ಪಿದ ಹೆಣ್ಣಿಗೆ ಶಾಸ್ತ್ರವು ಘೋರವಾದ ದಂಡನೆಯನ್ನು ವಿಧಿಸಿದ್ದುದನ್ನು ಅವರು ಓದಿದ್ದರು. ಇಲ್ಲಿ ಅಂಥವಳನ್ನು ಕೂರಿಸಿ ಉಪಚರಿಸುವ ಕೈಗಳನ್ನು ನೋಡಿದರು. ಕಾರಣವನ್ನು ವಿಚಾರಿಸಿದಾಗ, ಯೇಸುವು ಸಮಾರ್ಯದ ಸ್ತ್ರೀಯನ್ನು ಬಾವಿಯ ಬಳಿ ಮಾತನಾಡಿಸಿದ ಪ್ರಸಂಗವನ್ನು ಅವರಿಗೆ ಓದಿ ಹೇಳಲಾಯಿತು. ತಮ್ಮಂತೆಯೇ ಶಾಸ್ತ್ರಪಂಡಿತರಾಗಿದ್ದು ಕ್ರೈಸ್ತರಾದ ನೀಲಕಂಠ (ನೆಹೆಮಿಯಾ) ಗೋರೆಯವರ ಬರಹಗಳೂ ಅವರ ಮೇಲೆ ಪ್ರಭಾವ ಬೀರಿದವು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸಾಮಾನ್ಯವಾಗಿ ಮತಾಂತರದ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ರಮಾಬಾಯಿಯವರ ನಿಜವಾದ ವಾದ ಆರಂಭವಾದದ್ದು ಇಲ್ಲಿಂದ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ವಿದ್ಯಾರ್ಥಿನಿಯೂ ಸಂಸ್ಕೃತದ ಶಿಕ್ಷಕಿಯೂ ಆಗಿದ್ದ ದಿನಗಳಲ್ಲಿ, ಅವರ ಆಧ್ಯಾತ್ಮಿಕ ಹೊಣೆ ಹೊತ್ತಿದ್ದ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ನಡೆದ ಪತ್ರವ್ಯವಹಾರವು ಭಾರತೀಯ ಕ್ರೈಸ್ತ ಚಿಂತನೆಯ ಅಮೂಲ್ಯ ದಾಖಲೆಯಾಗಿ ಉಳಿದಿದೆ. ತ್ರಿಯೇಕತ್ವದ ಸೂತ್ರವನ್ನು ಚರ್ಚು ಹೇಳಿದ ಮಾತ್ರಕ್ಕೆ ಒಪ್ಪಲು ರಮಾಬಾಯಿಯವರು ಸಿದ್ಧರಿರಲಿಲ್ಲ. ಅಥನಾಸಿಯಸನ ಹೆಸರಿನಲ್ಲಿರುವ ವಿಶ್ವಾಸಪ್ರಮಾಣವನ್ನು ಒಪ್ಪದವರು ನಾಶವಾಗುತ್ತಾರೆಂಬ ಮಾತು ಅವರಿಗೆ ಯೇಸುವಿನ ಮಾತಿನಂತೆ ಕೇಳಲಿಲ್ಲ. ಭಾರತದ ಪುರೋಹಿತವರ್ಗದ ನೊಗದಿಂದ ಬಹು ಕಷ್ಟಪಟ್ಟು ಬಿಡಿಸಿಕೊಂಡಿರುವ ತಾನು ಅದೇ ಬಗೆಯ ಇನ್ನೊಂದು ನೊಗಕ್ಕೆ ಕೊರಳು ಕೊಡಲಾರೆನೆಂದೂ, ದೇವರು ತನಗೊಂದು ಮನಸ್ಸಾಕ್ಷಿಯನ್ನು ಕೊಟ್ಟಿರುವನೆಂದೂ ಅವರು ಬರೆದರು.

ವಿವಾದ ಸಿದ್ಧಾಂತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ತನ್ನ ಸಂಸ್ಕೃತ ಏಕಾಗಬಾರದು ಎಂದು ಅವರು ಕೇಳಿದರು. ಮಾಂಸವನ್ನೂ ಮೊಟ್ಟೆಯನ್ನೂ ಮುಟ್ಟದ ಅವರ ಆಹಾರಕ್ರಮದಲ್ಲಿ ಸನ್ಯಾಸಿನಿಯರಿಗೆ ಜಾತಿಯ ಅಭಿಮಾನದ ಪಳೆಯುಳಿಕೆ ಕಂಡಿತು. ರಮಾಬಾಯಿಯವರಿಗೆ ಅದು ತಮ್ಮ ನಾಡಿನೊಂದಿಗೆ ಉಳಿಸಿಕೊಂಡ ನಂಟು. ಗಂಡಸರಿಗೆ ಪಾಠ ಹೇಳುವ ಅವಕಾಶ ಬಂದಾಗ, ಭಾರತೀಯ ಸ್ತ್ರೀಗೆ ಅದು ಯೋಗ್ಯವಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ಪಂಡಿತರ ಸಭೆಗಳಲ್ಲಿ ನಿಂತು ಮಾತನಾಡಿದ್ದ ರಮಾಬಾಯಿಯವರಿಗೆ ಇದು ಆಶ್ಚರ್ಯವನ್ನೂ ಸಿಟ್ಟನ್ನೂ ತಂದಿತು. ತಂದೆ ಉಡುಪಿಯಲ್ಲಿ ಎದುರಿಸಿದ ಪ್ರಶ್ನೆಯನ್ನೇ ಮಗಳು ಇಂಗ್ಲೆಂಡಿನಲ್ಲಿ ಎದುರಿಸಬೇಕಾಗಿ ಬಂದುದು ಇತಿಹಾಸದ ವಿಲಕ್ಷಣ ಪುನರಾವೃತ್ತಿ. ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರು ಮಾತ್ರ ಈ ಶಿಷ್ಯೆಯ ಪ್ರಶ್ನೆಗಳನ್ನು ಅವಿಧೇಯತೆಯೆಂದು ಕಾಣದೆ ಸಹಾನುಭೂತಿಯಿಂದ ಕೇಳಿಸಿಕೊಂಡರು.

5

1886ರಲ್ಲಿ, ವೈದ್ಯ ಪದವಿ ಪಡೆಯುತ್ತಿದ್ದ ಆನಂದೀಬಾಯಿ ಜೋಶಿಯವರನ್ನು ಅಭಿನಂದಿಸಲು ರಮಾಬಾಯಿಯವರು ಅಮೆರಿಕೆಗೆ ಹೋದರು. ಅಲ್ಲಿ ಮೇಲುಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1887ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಸ್ಥಾಪನೆಯಾಗಿ, ಹತ್ತು ವರ್ಷಗಳ ಕಾಲ ವಿಧವೆಯರ ಶಾಲೆಗೆ ನೆರವಾಗುವುದಾಗಿ ಒಪ್ಪಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ವರ್ಗಾವಣೆಗೊಂಡಿತು. ಶಾಲೆ ಯಾವ ಮತವನ್ನೂ ಬೋಧಿಸಕೂಡದು, ಹಿಂದೂ ಬಾಲವಿಧವೆಯರು ತಮ್ಮ ಆಚಾರಗಳನ್ನು ಪಾಲಿಸಿಕೊಂಡು ಅಲ್ಲಿರಬಹುದು ಎಂಬುದು ಕರಾರು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಮೊದಲಾದ ಸುಧಾರಕರು ಸಲಹಾ ಮಂಡಲಿಯಲ್ಲಿದ್ದರು. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು.

ಈ ನಡುವೆ ರಮಾಬಾಯಿಯವರ ಒಳಬದುಕಿನಲ್ಲಿ ಎರಡನೆಯ ತಿರುವೊಂದು ಬಂತು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದಿದ್ದವು. ತಾನು ಕ್ರೈಸ್ತಮತವನ್ನು ಬುದ್ಧಿಯಿಂದ ಒಪ್ಪಿಕೊಂಡಿದ್ದೇನೆ, ಆದರೆ ಕ್ರಿಸ್ತನನ್ನು ಪಡೆದಿಲ್ಲ ಎಂಬ ಕೊರತೆ ಅವರನ್ನು ಬಾಧಿಸುತ್ತಿತ್ತು. ಸಂಸ್ಕಾರಗಳ ಮೂಲಕ ಶುದ್ಧಿ ದೊರೆಯುವುದೆಂಬ ಭರವಸೆಯಲ್ಲಿ ತಂದೆಯ ವ್ರತಾನುಷ್ಠಾನಗಳ ಇನ್ನೊಂದು ರೂಪ ಅವರಿಗೆ ಕಾಣಿಸಿರಬೇಕು. 1891ರ ಸುಮಾರಿಗೆ, ಮನುಷ್ಯನು ತನ್ನ ಯೋಗ್ಯತೆಯಿಂದ ನೀತಿವಂತನಾಗುವುದಿಲ್ಲ, ಅದನ್ನು ಕೃಪೆಯಾಗಿ ಸ್ವೀಕರಿಸಬೇಕು ಎಂಬ ಪೌಲನ ಮಾತು ಅವರಿಗೆ ಸ್ವಂತ ಅನುಭವವಾಯಿತು. ಈ ಅನುಭವವನ್ನು ಅವರು 1907ರಲ್ಲಿ ಪ್ರಕಟಿಸಿದ ತಮ್ಮ ಸಾಕ್ಷ್ಯಗ್ರಂಥದಲ್ಲಿ ವಿವರಿಸಿದ್ದಾರೆ. ಧರ್ಮ ಮತ್ತು ನೀತಿ ಎಂಬ ಶಬ್ದಗಳು ಅವರಲ್ಲಿ ಬೇರ್ಪಟ್ಟದ್ದು ಇಲ್ಲಿ.

ಒಳಗೆ ದೊರೆತ ನಿಶ್ಚಯ ಹೊರಗಿನ ಕರಾರಿಗೆ ತೊಡಕಾಯಿತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಅವರನ್ನು ಕರೆಯುವುದು ಕರಾರಿಗೆ ವಿರುದ್ಧ. ಹೊರಗಟ್ಟುವುದು ಮನಸ್ಸಾಕ್ಷಿಗೆ ವಿರುದ್ಧ. ಪುಣೆಯ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರಕರರು ಸದನದೊಡನೆ ಸಂಬಂಧವನ್ನು ಕಡಿದುಕೊಂಡರು. ಅನೇಕ ಪೋಷಕರು ಹುಡುಗಿಯರನ್ನು ಕರೆದೊಯ್ದರು. ಈ ಪ್ರಸಂಗದಲ್ಲಿ ಒಂದು ಪಕ್ಷವನ್ನು ಪೂರ್ಣವಾಗಿ ಸಮರ್ಥಿಸುವುದು ಚರಿತ್ರಕಾರನಿಗೆ ಸುಲಭವಲ್ಲ. ಸುಧಾರಕರು ಸನಾತನಿಗಳ ವಿರೋಧವನ್ನು ಎದುರಿಸಿ, ತಮ್ಮ ಹೆಸರನ್ನು ಒತ್ತೆಯಿಟ್ಟು ಆ ಶಾಲೆಗೆ ವಿಧವೆಯರನ್ನು ಕಳುಹಿಸಿದ್ದರು. ಅವರ ಪಾಲಿಗೆ ಕೊಟ್ಟ ಮಾತೇ ನೀತಿ. ಬಾಗಿಲನ್ನು ಮುಚ್ಚಿಕೊಂಡು ಪ್ರಾರ್ಥಿಸಿದರೆ ಕರಾರಿನ ಅಕ್ಷರ ಉಳಿಯುತ್ತಿತ್ತು. ಆದರೆ ತಮ್ಮ ಬದುಕನ್ನು ತಾವೇ ಬಚ್ಚಿಡಬೇಕಾಗುತ್ತಿತ್ತು. ರಮಾಬಾಯಿಯವರು ಬಾಗಿಲನ್ನು ತೆರೆದೇ ಇಟ್ಟರು.

6

1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿಸದನ ಸಿದ್ಧವಾಗಿ 1898ರಲ್ಲಿ ಪ್ರಾರಂಭೋತ್ಸವ ನಡೆಯಿತು. ಅದೇ ಹೊತ್ತಿಗೆ ಬಾಸ್ಟನ್ ಸಂಘದ ಹತ್ತು ವರ್ಷಗಳ ಒಪ್ಪಂದದ ಅವಧಿಯೂ ಮುಗಿದಿತ್ತು. ಮುಕ್ತಿಸದನವು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಅದು ನೆಲೆಯೂರುತ್ತಿರುವಾಗಲೇ ಗುಜರಾತಿನ ಕ್ಷಾಮ ಬಂದಿತು.

ಗುಜರಾತು ಬರವನ್ನು ಹೆಚ್ಚಾಗಿ ಕಂಡರಿಯದ ಸಮೃದ್ಧ ಪ್ರಾಂತ. ಸುಧಾರಣೆಯ ವಿಚಾರದಲ್ಲೂ ಅದು ಹಿಂದುಳಿದಿರಲಿಲ್ಲ. ಸೂರತ್‌ನಲ್ಲಿ ದುರ್ಗಾರಾಮ ಮೆಹತಾಜಿಯವರು 1844ರಲ್ಲಿಯೇ ಮಾನವಧರ್ಮಸಭೆಯನ್ನು ಸ್ಥಾಪಿಸಿ ಮೂಢಾಚಾರಗಳನ್ನು ಖಂಡಿಸಿದ್ದರು. ಅದೇ ನಗರದ ಕವಿ ನರ್ಮದರು ವಿಧವಾವಿವಾಹದ ಪರವಾಗಿ ಬರೆದು ವಾದಿಸಿದ್ದರು. ಅಹಮದಾಬಾದಿನಲ್ಲಿ ಭೋಳಾನಾಥ ಸಾರಾಭಾಯಿ, ಮಹೀಪತರಾಮ ರೂಪರಾಮ ಮೊದಲಾದವರು ಪ್ರಾರ್ಥನಾಸಮಾಜವನ್ನು ಕಟ್ಟಿದ್ದರು. ವಡೋದರ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರ ಪ್ರಗತಿಪರ ಆಳ್ವಿಕೆ ನಡೆಯುತ್ತಿತ್ತು. ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯೊಂದು ಮುಂದೆ 1904ರಲ್ಲಿ ಅಲ್ಲಿ ಜಾರಿಗೆ ಬಂತು. ಇಂಥ ನಾಡಿನ ಮೇಲೆ 1899ರಲ್ಲಿ ಮಳೆ ಕೈಕೊಟ್ಟಿತು. ಅದು ವಿಕ್ರಮ ಸಂವತ್ 1956. ಆದುದರಿಂದ ಗುಜರಾತಿನ ಜನ ಆ ವರ್ಷವನ್ನು ‘ಛಪ್ಪನಿಯೊ’ ಕಾಲವೆಂದು ಇಂದಿಗೂ ನೆನೆಯುತ್ತಾರೆ.

ಹಾನಿಯ ಪ್ರಮಾಣವನ್ನು ಜನಗಣತಿಯ ಅಂಕಿಗಳು ಹೇಳುತ್ತವೆ. ವಡೋದರ ಸಂಸ್ಥಾನದ ಜನಸಂಖ್ಯೆ 1891ರಲ್ಲಿ ಸುಮಾರು 24 ಲಕ್ಷ ಇದ್ದುದು 1901ರಲ್ಲಿ ಸುಮಾರು 19.5 ಲಕ್ಷಕ್ಕೆ ಇಳಿಯಿತು. ಅಹಮದಾಬಾದ್ ಜಿಲ್ಲೆಯಲ್ಲಿ ಅದು ಸುಮಾರು 9.2 ಲಕ್ಷದಿಂದ 8 ಲಕ್ಷದ ಹತ್ತಿರಕ್ಕೆ ಕುಸಿಯಿತು. ಸೂರತ್ ಜಿಲ್ಲೆಯಲ್ಲಿ ಇಳಿಕೆ ಅಷ್ಟು ತೀವ್ರವಾಗಿರಲಿಲ್ಲ. ಮೇವಿಲ್ಲದೆ ದನಕರುಗಳು ಸತ್ತವು. ಬರಪರಿಹಾರದ ಕಾಮಗಾರಿಗಳಲ್ಲಿ ಕಾಲರಾ ಹಬ್ಬಿತು. ತಂದೆತಾಯಿಗಳನ್ನು ಕಳೆದುಕೊಂಡ ಹೆಣ್ಣುಮಕ್ಕಳು ದಿಕ್ಕಿಲ್ಲದೆ ಅಲೆದರು.

ಮುಕ್ತಿಸದನದಲ್ಲಿ ಆಗಲೇ ಸ್ಥಳ ಸಾಲದಾಗಿತ್ತು, ನಿಶ್ಚಿತವಾದ ವರಮಾನವಿರಲಿಲ್ಲ. ಆದರೂ ರಮಾಬಾಯಿಯವರು ಕಾರ್ಯಕರ್ತೆಯರನ್ನು ಗುಜರಾತಿಗೆ ಕಳುಹಿಸಿದರು. ಹಸಿದ ಹೆಣ್ಣುಮಗುವಿಗೆ ಹಸಿವೆಗಿಂತ ಭಯಂಕರವಾದುದು ಅವಳ ಹಸಿವೆಯನ್ನು ಕಾದುಕೊಂಡಿರುವ ಮನುಷ್ಯರು ಎಂಬುದನ್ನು ಅವರು ಮಧ್ಯಪ್ರಾಂತದಲ್ಲಿ ಕಂಡಿದ್ದರು. ತಮ್ಮ ಹದಿಹರೆಯದಲ್ಲಿ ಅದೇ ಹಸಿವೆಯನ್ನು ಉಂಡಿದ್ದರು. ಗುಜರಾತಿನಿಂದಲೂ ನೆರೆಯ ಬರಪ್ರದೇಶಗಳಿಂದಲೂ ಸಾವಿರಕ್ಕೂ ಮಿಕ್ಕಿ ಹೆಣ್ಣುಮಕ್ಕಳು ಕೇಡಗಾಂವಿಗೆ ಬಂದು ಸೇರಿದರು. 1900ರ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸುಮಾರು 2000ಕ್ಕೆ ಏರಿತು. ಮರಾಠಿ ಸಂಸ್ಥೆಯೊಂದು ಇದ್ದಕ್ಕಿದ್ದಂತೆ ಅರ್ಧಕ್ಕರ್ಧ ಗುಜರಾತಿ ಊರಾಯಿತೆನ್ನಬಹುದು. ಶಾಲೆಯ ಪಾಠಗಳೂ ಪ್ರಾರ್ಥನೆಗಳೂ ಗುಜರಾತಿಯಲ್ಲಿಯೂ ನಡೆಯತೊಡಗಿದವು. ಅಸ್ವಸ್ಥರನ್ನೂ ಎಲುಬುಗೂಡಾದವರನ್ನೂ ಉಪಚರಿಸಬೇಕಿತ್ತು. ಬಂದವರಲ್ಲಿ ಅನೇಕರು ಉಳಿಯಲಿಲ್ಲ. ಉಳಿದವರು ಅಕ್ಷರ ಕಲಿತರು; ನೇಯ್ಗೆ, ಗಾಣ, ಹೈನು, ತೋಟ, ಮುದ್ರಣ ಮೊದಲಾದ ಕಸುಬುಗಳನ್ನು ಕಲಿತು ತಮ್ಮ ಕಾಲ ಮೇಲೆ ನಿಂತರು. ಸಮಾಜ ಪತಿತೆಯರೆಂದು ಕರೆದವರಿಗಾಗಿ ಕೃಪಾಸದನವೆಂಬ ಪ್ರತ್ಯೇಕ ವಿಭಾಗವಿತ್ತು. ಫುಲ್ಹಮ್ಮಿನಲ್ಲಿ ಕಂಡದ್ದು ಹೀಗೆ ಕೇಡಗಾಂವಿನಲ್ಲಿ ಕಾರ್ಯರೂಪಕ್ಕೆ ಬಂತು.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಡದೆ ಎತ್ತಬೇಕಾಗುತ್ತದೆ. ಹಸಿದ ಮಗುವಿಗೆ ಅನ್ನವಿಟ್ಟ ಕೈ ತನ್ನ ವಿಶ್ವಾಸವನ್ನೂ ಬಡಿಸಿದರೆ, ಆ ಮಗು ಅದನ್ನು ಸ್ವತಂತ್ರವಾಗಿ ಆರಿಸಿಕೊಂಡಿತೆನ್ನಲು ಸಾಧ್ಯವೇ? ಕ್ಷಾಮಕಾಲದ ಮತಾಂತರವನ್ನು ಕುರಿತ ಈ ಆಕ್ಷೇಪ ಗುಜರಾತಿನಲ್ಲಿ ಕೆಲಸಮಾಡಿದ ಎಲ್ಲ ಮಿಷನ್ ಅನಾಥಾಲಯಗಳ ಮೇಲೂ ಬಂದಿತ್ತು. ಮುಕ್ತಿಸದನವೂ ಅದಕ್ಕೆ ಹೊರತಾಗಿರಲಿಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಬಿಷಪ್ಪರೊಡನೆ ವಾದಿಸಿದ ರಮಾಬಾಯಿಯವರ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ, ಬೇರೊಂದು ನಂಬಿಕೆಯ ಪರಿಚಯ ಸಮಾನ ನೆಲೆಯಲ್ಲಿ ದೊರೆಯುವ ಸಂಭವ ಕಡಿಮೆಯಿತ್ತು. ಘಂಟೆಯ ನಾದಕ್ಕೆ ಏಳುವ, ಉಣ್ಣುವ, ಪ್ರಾರ್ಥಿಸುವ ಸಾವಿರಾರು ಜನರ ಸಂಸ್ಥೆಗೆ ವಿಧಿನಿಯಮಗಳು ಅನಿವಾರ್ಯ. ವಿಧಿಯನ್ನು ಪ್ರಶ್ನಿಸಿದವರೇ ವಿಧಿಕರ್ತರಾಗುವ ಸನ್ನಿವೇಶವದು. ಇದರ ಇನ್ನೊಂದು ಮುಖವನ್ನೂ ಮರೆಯಲಾಗದು. ಶಾಸ್ತ್ರಾರ್ಥ ಮುಗಿಯುವವರೆಗೆ ಕಾಯುವಷ್ಟು ಆಯುಷ್ಯ ಆ ಮಕ್ಕಳಿಗಿರಲಿಲ್ಲ. ಅಹಮದಾಬಾದಿನ ಅಥವಾ ವಡೋದರದ ಬಯಲಿನಲ್ಲಿ ಬಿದ್ದಿದ್ದ ಮಗುವನ್ನು ಎತ್ತಿಕೊಳ್ಳುವುದೇ ಆ ಕ್ಷಣದ ನೀತಿ. ಎತ್ತಿಕೊಂಡ ಮೇಲೆ ಆ ಮಗುವನ್ನು ಹೇಗೆ ಬೆಳೆಸಬೇಕೆಂಬುದು ಅದಕ್ಕಿಂತ ಕಠಿಣವಾದ ಪ್ರಶ್ನೆ. ರಮಾಬಾಯಿಯವರು ಮೊದಲನೆಯದಕ್ಕೆ ಹಿಂಜರಿಯದೆ ಉತ್ತರ ಕೊಟ್ಟರು. ಎರಡನೆಯದಕ್ಕೆ ಅವರು ಕೊಟ್ಟ ಉತ್ತರವನ್ನು ಎಲ್ಲರೂ ಒಪ್ಪಬೇಕಾಗಿಲ್ಲ.

7

1905ರಲ್ಲಿ ಮುಕ್ತಿಸದನದಲ್ಲಿ ಪ್ರಾರ್ಥನೆಯ ಪ್ರಬಲವಾದ ಅಲೆಯೊಂದು ಎದ್ದಿತು. ಆ ಸುಮಾರಿಗೆ ರಮಾಬಾಯಿಯವರು ತಮ್ಮ ಕೊನೆಯ ಮಹಾಕಾರ್ಯವನ್ನು ಕೈಗೆತ್ತಿಕೊಂಡರು. ಬೈಬಲನ್ನು ಮೂಲಭಾಷೆಗಳಿಂದ ಮರಾಠಿಗೆ ತರುವುದಕ್ಕಾಗಿ, ನಡುವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿದರು. ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಭೂಯಿಷ್ಠ ಶೈಲಿ ಹಳ್ಳಿಯ ಹೆಂಗಸರಿಗೆ ದಕ್ಕುವುದಿಲ್ಲವೆಂಬುದು ಅವರ ಅಭಿಪ್ರಾಯ. ಸಂಸ್ಕೃತದಲ್ಲಿ ಅಷ್ಟು ದೊಡ್ಡ ಪಾಂಡಿತ್ಯವಿದ್ದವರು ಸಂಸ್ಕೃತವನ್ನು ಬದಿಗಿಟ್ಟು, ಸರಳವಾದ ಆಡುನುಡಿಗೆ ಇಳಿದುದು ಗಮನಾರ್ಹ. ಗ್ರಂಥವನ್ನು ತಾನೇ ಓದಿ ಅರ್ಥಮಾಡಿಕೊಳ್ಳುವ ಅಧಿಕಾರ ಪ್ರತಿಯೊಬ್ಬ ಹೆಣ್ಣಿಗೂ ಇದೆಯೆಂಬ ನಿಲುವಿನ ತಾರ್ಕಿಕ ಕೊನೆಯದು. ಅನುವಾದದ ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸಿದವರೂ ಮುಕ್ತಿಸದನದ ಸ್ತ್ರೀಯರೇ. ಶಾಸ್ತ್ರವನ್ನು ಕಿವಿಯಿಂದಲೂ ಕೇಳಬಾರದೆನಿಸಿಕೊಂಡಿದ್ದ ವರ್ಗಗಳ ಹೆಣ್ಣುಮಕ್ಕಳು ಒಂದು ಧರ್ಮಗ್ರಂಥವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಕಟ್ಟಿದರು.

ಹುಟ್ಟಿದ ನಾಡಿನ ಭಾಷಾಪ್ರದೇಶಕ್ಕೂ ಅವರ ಕೆಲಸ ಮರಳಿ ಬಂದಿತು. ಮಗಳು ಮನೋರಮಾಬಾಯಿಯವರ ಮುಂದಾಳತ್ವದಲ್ಲಿ, ಆಗ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) 1912ರಲ್ಲಿ ಶಾಲೆಯೊಂದು ಆರಂಭವಾಯಿತು. ವಿದ್ಯೆಗೆ ಅವಕಾಶವೇ ವಿರಳವಾಗಿದ್ದ ಆ ಪ್ರದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. 1919ರಲ್ಲಿ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. 1921ರ ಜುಲೈಯಲ್ಲಿ ಮನೋರಮಾಬಾಯಿ ತೀರಿಕೊಂಡರು. ಸಂಸ್ಥೆಯನ್ನು ಯಾರ ಕೈಗೆ ಒಪ್ಪಿಸಬೇಕೆಂದು ಎಣಿಸಿದ್ದರೋ ಆ ಮಗಳನ್ನು ಕಳೆದುಕೊಂಡ ಮೇಲೂ ಅವರು ಅನುವಾದವನ್ನು ನಿಲ್ಲಿಸಲಿಲ್ಲ. ಕರಡಚ್ಚಿನ ತಿದ್ದುಪಡಿ ಮುಗಿದ ಹೊತ್ತಿಗೆ, 1922ರ ಏಪ್ರಿಲ್ 5ರಂದು, ಅವರು ಕೊನೆಯುಸಿರೆಳೆದರು. ಅನುವಾದ 1924ರಲ್ಲಿ ಪ್ರಕಟವಾಯಿತು.

8

ರಮಾಬಾಯಿಯವರ ಬದುಕನ್ನು ಒಂದು ಮತದಿಂದ ಇನ್ನೊಂದು ಮತಕ್ಕೆ ಹೋದ ಕಥೆಯೆಂದು ಓದುವುದು ರೂಢಿ. ಆ ಓದು ಅವರನ್ನು ಹೊಗಳುವವರಿಗೂ ಹಳಿಯುವವರಿಗೂ ಅನುಕೂಲಕರ. ಆದರೆ ಉಡುಪಿಯ ಸಭೆ, ಕಲ್ಕತ್ತೆಯ ಅಧ್ಯಯನ, ಚೆಲ್ಟನ್‌ಹ್ಯಾಮಿನ ಪತ್ರಗಳು, ಪುಣೆಯ ತೆರೆದ ಬಾಗಿಲು, ಗುಜರಾತಿನ ಕ್ಷಾಮ ಇವುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ನೋಡಿದರೆ ಬೇರೊಂದು ಚಿತ್ರ ಮೂಡುತ್ತದೆ. ಯಾವ ವಿಧಿಯನ್ನೇ ಆಗಲಿ ಅದರ ಕೆಳಗೆ ಬಾಳಬೇಕಾದ ಅತ್ಯಂತ ದುರ್ಬಲಳ ಕಡೆಯಿಂದ ಅವರು ಪರೀಕ್ಷಿಸಿದರು. ಸ್ಮೃತಿಯನ್ನು ಬಾಲವಿಧವೆಯ ಕಡೆಯಿಂದ, ಚರ್ಚಿನ ಪ್ರಮಾಣವಾಕ್ಯವನ್ನು ಅದರಿಂದ ಹೊರಗುಳಿಯುವವರ ಕಡೆಯಿಂದ ಓದಿದರು. ಸಂಸ್ಥೆಯ ಶಕ್ತಿ ಎಷ್ಟೆಂಬ ಲೆಕ್ಕವನ್ನು ಬರದಲ್ಲಿ ಬಿದ್ದ ಅನಾಥೆಯ ಎದುರಿನಲ್ಲಿ ಇಟ್ಟು ನೋಡಿದರು. ಆ ಪರೀಕ್ಷೆಯಲ್ಲಿ ನಿಂತದ್ದನ್ನು ಮಾತ್ರ ನೀತಿಯೆಂದು ಸ್ವೀಕರಿಸಿದರು.

ಹಾಗೆಂದು ಅವರು ಧರ್ಮಶಾಸ್ತ್ರವನ್ನು ತೊರೆದು ಸ್ವೇಚ್ಛೆಯನ್ನು ಆಶ್ರಯಿಸಿದವರೆಂದು ಭಾವಿಸುವುದು ಸರಿಯಲ್ಲ. ಕೊನೆಯವರೆಗೂ ಅವರದು ಕಠಿಣ ನಿಯಮದ ಬದುಕು. ಕೊನೆಯವರೆಗೂ ಅವರು ಗ್ರಂಥನಿಷ್ಠರೇ. ಧರ್ಮಶಾಸ್ತ್ರವನ್ನು ರದ್ದುಗೊಳಿಸಲಿಕ್ಕಲ್ಲ, ನೆರವೇರಿಸಲಿಕ್ಕೆ ಬಂದೆನೆಂಬ ಯೇಸುವಿನ ನಿಲುವಿಗೆ ಅವರ ಬದುಕು ಒಂದು ಭಾರತೀಯ ವ್ಯಾಖ್ಯಾನದಂತಿದೆ. ವ್ಯಾಖ್ಯಾನದಲ್ಲಿ ಬಿಡಿಸದೆ ಉಳಿದ ಗಂಟುಗಳೂ ಇವೆ. ಕರಾರು ಮತ್ತು ಮನಸ್ಸಾಕ್ಷಿ ಎದುರುಬದುರಾದಾಗ ಯಾವುದಕ್ಕೆ ತಲೆಬಾಗಬೇಕು, ರಕ್ಷಿಸಿದವರಿಗೆ ರಕ್ಷಿತರ ಅಂತರಂಗದ ಮೇಲೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆಗಳು 1893ರಲ್ಲಿಯೂ 1900ರಲ್ಲಿಯೂ ಎದ್ದವು. ಇಂದಿಗೂ ಅವು ತೀರ್ಮಾನಗೊಂಡಿಲ್ಲ.

ಕನ್ನಡದ ಅಧ್ಯಯನಕಾರರಿಗೆ ಈ ಜೀವನದಲ್ಲಿ ಇನ್ನೂ ಒಂದು ಕೆಲಸ ಉಳಿದಿದೆ. ಧರ್ಮಶಾಸ್ತ್ರ, ನೀತಿ, ಮುಕ್ತಿ, ಕೃಪೆ ಎಂಬ ಶಬ್ದಗಳನ್ನು ಬಳ್ಳಾರಿಯಲ್ಲಿದ್ದ ಹ್ಯಾಂಡ್ಸ್‌ ಮೊದಲಾಗಿ ಕನ್ನಡ ಬೈಬಲಿನ ಅನುವಾದಕರೂ, ಸೂರತ್‌ನಲ್ಲಿದ್ದ ಗುಜರಾತಿ ಅನುವಾದಕರೂ, ಕೇಡಗಾಂವಿನ ರಮಾಬಾಯಿಯವರೂ ಹೇಗೆ ಆರಿಸಿದರು, ಹೇಗೆ ಬದಲಿಸಿದರು ಎಂಬುದನ್ನು ತೌಲನಿಕವಾಗಿ ಪರಿಶೀಲಿಸಿದರೆ, ಒಂದೊಂದು ಶಬ್ದದ ಹಿಂದೆಯೂ ಇರುವ ಬದುಕಿನ ಹೋರಾಟ ಸ್ಪಷ್ಟವಾದೀತು. ‘ಶಾಸ್ತ್ರಿಗಳು’ ಎಂಬ ಶಬ್ದವನ್ನು ಕನ್ನಡ ಬೈಬಲಿನಲ್ಲಿ ಓದುವಾಗ, ಉಡುಪಿಯ ಸಭೆಯಲ್ಲಿ ಹೆಂಡತಿಯ ವಿದ್ಯೆಗಾಗಿ ಪ್ರಮಾಣಗಳನ್ನು ಮುಂದಿಟ್ಟು ನಿಂತ ಮಾಳದ ಶಾಸ್ತ್ರಿಯೊಬ್ಬರೂ ನೆನಪಾಗುವುದು ಉಚಿತ. ಅವರು ಆ ದಿನ ತೆರೆಯಿಸಿದ ಬಾಗಿಲಿನಿಂದಲೇ ಅವರ ಮಗಳು ಹೊರನಡೆದು ಅಷ್ಟು ದೂರ ಹೋದರು.